ಲಾಂತಾ ದ್ವೀಪದಲ್ಲಿ ಅಮ್ಮನ ಒಂದು ಮುಳುಗು

ವಿಮಾನದ ಕಿಟಕಿ

ಥಾಯ್ಲೆಂಡಿನ ಕ್ರಾಬಿಯಲ್ಲಿ ವಿಮಾನ ಇಳಿದಾಗ ಮಳೆ ಸುರಿಯುತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ಅಪ್ಪ ಹೊರಗೆ ನೋಡಿದವರೇ, ಸೊಂಟಕ್ಕೆ ಬೆಲ್ಟು ಇರುವುದನ್ನು ಮರೆತು ಎದ್ದರು. ಬೆಲ್ಟು ಅವರನ್ನು ಮತ್ತೆ ಕೂರಿಸಿತು.

“ಲೇ ಚೆನ್ನ, ಪೆಟ್ಟಿಗಿ ಎಲ್ಲಾ ಬಯಲಾಗ ಇಟ್ಟಾರಲ್ಲೋ. ತೊಯ್ಯಾಕತ್ಯಾವು. ಇಷ್ಟು ದೊಡ್ಡ ದೇಶದಾಗ ಒಂದು ತಾಡಪತ್ರಿ ಇಲ್ಲೇನು?”

“ಸುಮ್ಮ ಕುಂದರ್ರಿ. ಅವು ನಿಮ್ಮ ಹತ್ತಿ ಅಲ್ಲ,” ಅಂದಳು ಅಮ್ಮ.

ಅಪ್ಪನದು ತೆಲುಗು ಸೀಮೆಯ ಆದೋನಿಯಲ್ಲಿ ಹತ್ತಿ ಮಂಡಿ. ಮಾರ್ಕೆಟ್ ಯಾರ್ಡಿನಲ್ಲಿ ರೈತರು ಹತ್ತಿಯನ್ನು ಬಯಲಿನಲ್ಲೇ ರಾಶಿ ಹಾಕುತ್ತಾರೆ. ಒಂದು ಮೋಡ ಕಂಡರೆ ಸಾಕು, ವ್ಯಾಪಾರ ಅರ್ಧಕ್ಕೆ ನಿಲ್ಲುತ್ತದೆ. ಬೈದಾಡುತ್ತಿದ್ದವರು ಬೈಗುಳವನ್ನು ಅಲ್ಲೇ ಇಟ್ಟು ತಾಡಪತ್ರಿಯ ಒಂದೊಂದು ತುದಿ ಹಿಡಿಯುತ್ತಾರೆ. ರಾಶಿ ಯಾರದು ಎಂದು ಕೇಳುವ ಪದ್ಧತಿ ಇಲ್ಲ. ಹತ್ತಿರ ಯಾವುದಿದೆಯೋ ಅದನ್ನು ಮುಚ್ಚುವುದು, ಮಳೆ ನಿಂತ ಮೇಲೆ ಬೈಗುಳವನ್ನು ಬಿಟ್ಟಲ್ಲಿಂದ ಎತ್ತಿಕೊಳ್ಳುವುದು. ಅಪ್ಪನಿಗೆ ಆಗ ಕನ್ನಡ ಬರುವುದಿಲ್ಲ. “ವಾನ ಒಸ್ತಾಂದಿ, ಪಟ್ಟ ಕಪ್ಪಂಡ್ರಾ” ಎಂದು ತೆಲುಗಿನಲ್ಲಿ ಕೂಗುತ್ತಾರೆ. ಮಳೆ ಬರ್ತಿದೆ, ತಾಡಪತ್ರಿ ಹೊದಿಸಿರೋ ಎಂದು. ಈ ಕೂಗನ್ನು ನಾನು ಎಷ್ಟು ಚೆನ್ನಾಗಿ ಕೂಗುತ್ತೇನೆಂದರೆ, ಒಮ್ಮೆ ಕಡು ಬೇಸಿಗೆಯ ಮಧ್ಯಾಹ್ನ ಕೂಗಿ ಇಡೀ ಯಾರ್ಡನ್ನು ಓಡಿಸಿದ್ದೇನೆ. ಆಮೇಲೆ ಯಾರ್ಡು ನನ್ನನ್ನು ಓಡಿಸಿತು.

ಅನುಕರಣೆ ನನ್ನ ಕಸುಬಲ್ಲ, ಚಟ. ಬಿ.ಕಾಂ. ಮುಗಿಸಿ ಅಪ್ಪನ ಮಂಡಿಯಲ್ಲಿ ಕೂತಿದ್ದೇನೆ. ಅಪ್ಪ ಊಟಕ್ಕೆ ಹೋದಾಗ ಅಪ್ಪನ ದನಿಯಲ್ಲಿ ಫೋನು ಎತ್ತುತ್ತೇನೆ. ಅವರಿಗಿಂತ ನನಗೇ ಮರ್ಯಾದೆ ಹೆಚ್ಚು ಸಿಗುತ್ತದೆ.

ಮಳೆಗಾಲದಲ್ಲಿ ಯಾರಾದರೂ ಸಮುದ್ರಕ್ಕೆ ಹೋಗುತ್ತಾರೆಯೇ ಎಂದು ನೀವು ಕೇಳಬಹುದು. ದಸರೆಯಿಂದ ಹೋಳಿಯ ತನಕ ನಮಗೆ ಹತ್ತಿ. ಆಮೇಲೆ ಬಿಸಿಲು, ಮದುವೆಗಳು. ಬಿಡುವು ಅಂತ ಸಿಗುವುದು ಶ್ರಾವಣದ ಹಿಂದುಮುಂದು ಮಾತ್ರ. ಮದುವೆಯಾದ ವರ್ಷವೇ ಅಪ್ಪ ಅಮ್ಮನಿಗೆ ಸಮುದ್ರ ತೋರಿಸುವುದಾಗಿ ಹೇಳಿದ್ದರಂತೆ. ಇಪ್ಪತ್ತಾರು ವರ್ಷ ಅಮ್ಮ ನಾಗಲದಿನ್ನೆಯ ತುಂಗಭದ್ರೆಯಲ್ಲೇ ಮುಳುಗು ಹಾಕಿದಳು. ಈ ಸಲ ಟಿಕೇಟು ತೆಗೆದವನು ನಾನು. ಸಮುದ್ರಕ್ಕೂ ಸೀಸನ್ ಇರುತ್ತದೆ ಎಂದು ಆದೋನಿಯವನಿಗೆ ಯಾರು ಹೇಳಬೇಕು?

ಅಮ್ಮನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ನೀಲಿ ನೂಲಿನ ಸೀರೆ ಇತ್ತು. ಸಮುದ್ರದಲ್ಲಿ ಮುಳುಗಲೆಂದೇ ತಂದಿದ್ದು. ಅದಕ್ಕೆ ಇಸ್ತ್ರಿಯನ್ನೂ ಮಾಡಿಸಿದ್ದಳು.

ಮೊದಲ ದಿನ, ಕೆಂಪು ಬಾವುಟ

ದ್ವೀಪದ ಹೆಸರು ಕೊ ಲಾಂತಾ. ನಾವಿದ್ದ ಮನೆಯ ಒಡತಿ ನೋಯ್, ನನ್ನ ತಂಗಿ ಪಲ್ಲವಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಏನು ಕೇಳಿದರೂ ಮೊದಲು ನಗುತ್ತಾಳೆ, ಆಮೇಲೆ ತನ್ನ ಚೂರುಪಾರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಬಿಸಿನೀರು ಇಲ್ಲವೇ ಅಂದರೂ ನಗು. ಅವಳು ನಮಗೆ ತೆಳು ಪ್ಲಾಸ್ಟಿಕ್ಕಿನ ಮಳೆಯಂಗಿಗಳನ್ನು ಕೊಟ್ಟಳು. ಅಪ್ಪನ ಪಾಲಿಗೆ ಗುಲಾಬಿ ಬಣ್ಣದ್ದು ಬಂತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಗುಲಾಬಿ ಟೊಪ್ಪಿಗೆ. ನಾಲ್ವರೂ ಸಾಲಾಗಿ ನಿಂತರೆ ಲಾರಿಗೆ ಕಾಯುವ ಹತ್ತಿ ಬೇಲುಗಳಂತೆ ಇದ್ದೆವು.

ಸಮುದ್ರ ಮೊದಲು ಕಿವಿಗೆ ಬಂತು. ತೆಂಗಿನ ಮರಗಳು ಮುಗಿದವು, ಎದುರಿಗೆ ಬೂದು ಬಣ್ಣದ ನೀರಿನ ಗೋಡೆಗಳು ಎದ್ದು ಬೀಳುತ್ತಿದ್ದವು. ಅಮ್ಮ ಕೈಚೀಲವನ್ನು ಎದೆಗೆ ಅವಚಿಕೊಂಡು ನಿಂತಳು. ಚೀಲದಲ್ಲಿ ಸೀರೆ.

ಮರಳಿನಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಅದರ ಕೆಳಗೆ ಒಬ್ಬ ಕಾವಲುಗಾರ, ಬಿಸಿಲಿನ ಸುಳಿವಿಲ್ಲದಿದ್ದರೂ ಕಪ್ಪು ಕನ್ನಡಕ ಹಾಕಿದವನು. ಯಾರಾದರೂ ನೀರಿನ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಸೀಟಿ ಊದುತ್ತಿದ್ದ. ಎರಡು ಗಿಡ್ಡ, ಒಂದು ಉದ್ದ.

“ನಾ ಏನ್ ಈಜಾಕ ಬಂದಿಲ್ರಿ,” ಅಂದಳು ಅಮ್ಮ. “ಒಂದು ಮುಳುಗು. ಅಷ್ಟ.”

“ಅದು ನಾಗಲದಿನ್ನಿ ಹೊಳಿ ಅಲ್ಲ. ಅದರ ಅವತಾರ ನೋಡಿದಿ ಇಲ್ಲ? ನಿನ್ನ ಒಯ್ದು ಯಾವ ದೇಶದಾಗ ಬಿಡ್ತೈತೋ, ಅಲ್ಲಿ ವೀಸಾ ಯಾರು ಮಾಡಿಸಬೇಕು?”

“ನಾಳಿ ಇಳೀತೈತಿ ಬಿಡ್ರಿ.”

“ಇಳಿದರ ನೋಡಮು.”

ಸೀರೆ ಮಡಿಕೆ ಕಳಚದೆ ಕೋಣೆಗೆ ಮರಳಿತು. ಸಂಜೆಯೊಳಗೆ ಆ ಸೀಟಿಯನ್ನು ನಾನು ಬಾಯಲ್ಲೇ ಊದಲು ಕಲಿತಿದ್ದೆ.

ಎರಡನೆಯ ದಿನ, ಹಳದಿ ಬಾವುಟ

ಬೆಳಿಗ್ಗೆ ಮಳೆ ನಿಂತಿತ್ತು. ಅಪ್ಪನಿಗೆ ವಿಮಾನದ ತಂಪಿಗೆ ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿತ್ತು. ಲಿಂಗಪೂಜೆ ಮುಗಿಸಿ, ಬಾಯಲ್ಲಿ ಉಸಿರಾಡುತ್ತ ಹೊರಗೆ ಬಂದವರೇ ಪೂರ್ವಕ್ಕೆ ಬೆರಳು ತೋರಿಸಿದರು. ಮೋಡ ಹರಿದಿತ್ತು.

ದಂಡೆಯಲ್ಲಿ ಕೆಂಪು ಬಾವುಟ ಹೋಗಿ ಹಳದಿ ಬಂದಿತ್ತು. ಅಂದರೆ ಅಂಚಿನಲ್ಲಿ, ಮೊಳಕಾಲುದ್ದದ ನೀರಿಗೆ ಅಡ್ಡಿಯಿಲ್ಲ. ಅಮ್ಮ ಮರೆಗೆ ಹೋಗಿ ನೀಲಿ ಸೀರೆ ಉಟ್ಟು ಬಂದಳು. ಚಪ್ಪಲಿ ಬಿಟ್ಟಳು. ನೀರಿಗೆ ಕೈಮುಗಿದಳು. ಅಪ್ಪ ಅವಳ ರಟ್ಟೆ ಹಿಡಿದು, ಊರುಗೋಲಿನಂತೆ ನೆಟ್ಟಗೆ ನಿಂತರು. ನೊರೆ ಅವಳ ಕಾಲ್ಬೆರಳಿಗೆ ಇನ್ನೊಂದು ಗೇಣಿತ್ತು.

ಪಲ್ಲವಿ ಸ್ವಲ್ಪ ಮುಂದೆ ಹೋಗಿ ಫೋಟೋಗೆ ಮುಖ ಸೊಟ್ಟ ಮಾಡುತ್ತಿದ್ದಳು. ಅವಳನ್ನು ಹೆದರಿಸೋಣ ಅನ್ನಿಸಿತು. ಸೀಟಿ ಊದಿದೆ. ಎರಡು ಗಿಡ್ಡ, ಒಂದು ಉದ್ದ.

ಪಲ್ಲವಿ ಹಿಂದೆ ತಿರುಗಿಯೂ ನೋಡಲಿಲ್ಲ. ಅವಳಿಗೆ ನಾನು ಗೊತ್ತು. ಆದರೆ ಅಪ್ಪ ಒಂದೇ ಉಸಿರಿಗೆ ಅಮ್ಮನನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಎಳೆದರು. ಆ ಕಡೆ ಹಾಯಾಗಿ ನಿಂತಿದ್ದ ಬಿಳಿ ದಂಪತಿಯೂ ಓಡಿ ಬಂದರು. ಕಾವಲುಗಾರ ತನ್ನ ಬಾಯನ್ನು ಮುಟ್ಟಿ ನೋಡಿಕೊಂಡ. ಸೀಟಿ ಕೊರಳಲ್ಲೇ ಇತ್ತು.

“ಅಪ್ಪಾ, ನಾನ ರೀ ಅದು,” ಅಂದೆ.

ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಮಳೆ ಬಂತು. ನಮ್ಮೂರಿನ ಹಾಗೆ ಮೊದಲು ಗಾಳಿ, ಆಮೇಲೆ ಮಣ್ಣಿನ ವಾಸನೆ, ಆಮೇಲೆ ನಾಲ್ಕು ಹನಿ, ಅಂತ ಮುನ್ಸೂಚನೆಯೇನೂ ಇಲ್ಲ. ಕೊಡ ಬೋರಲು ಹಾಕಿದಂತೆ ಬಂತು. ಕಾವಲುಗಾರ ಹಳದಿ ಕಿತ್ತು ಕೆಂಪು ನೆಟ್ಟ.

ಅಮ್ಮ ಬೈದಿದ್ದರೆ ಚೆನ್ನಾಗಿತ್ತು. ಮರಕ್ಕೆ ಒರಗಿ ನಿಂತು ಸೆರಗು ಹಿಂಡಿದಳು. “ಮಳಿ ನೀರಿನಾಗ ತೊಯ್ತು,” ಅಂದಳು, ಅಷ್ಟೇ. ಮಧ್ಯಾಹ್ನವೆಲ್ಲ ಸೀರೆಯನ್ನು ಫ್ಯಾನಿನ ಕೆಳಗೆ ಹಿಡಿದು ಕೂತಳು.

ಅಮ್ಮ ಮುಳುಗು ಹಾಕುವ ತನಕ ಯಾರ ದನಿಯನ್ನೂ ಅನುಕರಿಸುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಆಣೆ ಮಾಡಿದೆ. ಇನ್ನುಳಿದಿದ್ದು ಎರಡು ದಿನ. ಐದನೆಯ ದಿನ ಬೆಳಿಗ್ಗೆ ನಮ್ಮ ದೋಣಿ.

ಮೂರನೆಯ ದಿನ, ಕೋಣೆ

ಮಳೆ ಬಿಡಲಿಲ್ಲ. ನಮ್ಮೂರಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುತ್ತದೆ, ಜನ ಅಂಗಡಿಯ ಸೂರಿನ ಕೆಳಗೆ ಓಡುತ್ತಾರೆ, ಮಿರ್ಚಿ ಬಜ್ಜಿಯವನ ಎದುರು ಗುಂಪು ಸೇರುತ್ತದೆ. ಇಲ್ಲಿ ದಿನವಿಡೀ ಸುರಿದರೂ ದೀಪ ಮಿಣುಕಲಿಲ್ಲ, ಒಬ್ಬರೂ ಓಡಲಿಲ್ಲ. ಹೆಂಗಸರು ಒಂದು ಕೈಯಲ್ಲಿ ಸ್ಕೂಟರು, ಒಂದು ಕೈಯಲ್ಲಿ ಕೊಡೆ ಹಿಡಿದು, ಸಂತೆಗೆ ಹೋಗುವ ಗತ್ತಿನಲ್ಲೇ ಹೋಗುತ್ತಿದ್ದರು. ಪಕ್ಕದ ಅಂಗಡಿಯ ಮುದುಕ ಮಳೆಯಲ್ಲೇ ಗಿಡಕ್ಕೆ ನೀರು ಹಾಕುತ್ತಿದ್ದ. ಅವನ ಹೊತ್ತಿಗೆ ಅವನ ಕೆಲಸ.

ಅಮ್ಮ ಒಗ್ಗಾಣಿ ಮಾಡಲು ಹೊರಟಳು. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ ಒಗ್ಗರಣೆಗೆ ಹಾಕಬೇಕು. ಆದೋನಿಯಿಂದ ತಂದ ಚೀಲ ಬಿಚ್ಚಿ ನೋಡಿದರೆ, ಮಂಡಕ್ಕಿ ಆಗಲೇ ಮೆತ್ತಗಾಗಿ ಕೂತಿತ್ತು.

“ನೆನೆಸೋ ಕೆಲಸ ಉಳೀತು,” ಅಂದಳು ಪಲ್ಲವಿ.

ನಾನು ಮಾತಾಡದೆ ತಿಂದೆ. ನೋಯ್ ಬಂದು ನಕ್ಕು ಹೋದಳು, ಅವಳ ನಗುವನ್ನು ಅನುಕರಿಸಲಿಲ್ಲ. ಅಪ್ಪ ಕಟ್ಟಿದ ಮೂಗಿನಲ್ಲಿ ಮಂಡಿಗೆ ಫೋನು ಮಾಡಿ “ಬಳೆ ಐತೇನು ಅಲ್ಲಿ?” ಎಂದು ಕೇಳಿದರು. ಮಳೆ ಅನ್ನಲು ಹೋಗಿ ಬಂದದ್ದು. ನಾನು ಸುಮ್ಮನಿದ್ದೆ. ಆಗ ಮೂವರಿಗೂ ದಿಗಿಲಾಯಿತು.

“ಹುಷಾರಿಲ್ಲೇನಲೇ?” ಅಪ್ಪ ನನ್ನ ಹಣೆ ಮುಟ್ಟಿದರು.

“ಅಣ್ಣಗ ನಾಚಿಕಿ ಬಂದೈತಿ,” ಅಂದಳು ಪಲ್ಲವಿ. “ಫಸ್ಟ್ ಟೈಮ್ ಅಲ್ಲಾ, ಅದಕ್ಕ ಜ್ವರದಂಗ ಕಾಣ್ತೈತಿ.”

ನಾಲ್ಕನೆಯ ದಿನ, ಪೂರ್ವದ ದಂಡೆ

ಕೆಂಪು ಬಾವುಟವೇ. ಅಮ್ಮ ಬಾವುಟವನ್ನು ದೂರದಿಂದ ನೋಡಿ, “ಇರ್ಲಿ ಬಿಡ್ರಿ, ಕಣ್ಣಲ್ಲಿ ನೋಡಿದೆ, ಸಾಕು,” ಅಂದಳು. ಆದರೆ ಚೀಲವನ್ನು ಕೋಣೆಯಲ್ಲಿ ಬಿಡಲಿಲ್ಲ. ಅಪ್ಪ ಇಡೀ ಬೆಳಿಗ್ಗೆ ಅವಳ ಮುಖ ನೋಡಲಿಲ್ಲ.

ನೋಯ್ ತನ್ನ ಗಾಡಿಯಲ್ಲಿ ದ್ವೀಪದ ಪೂರ್ವದ ಕಡೆಗೆ ಕರೆದೊಯ್ದಳು. ಅಲ್ಲಿ ಹಳೆಯ ಕಟ್ಟಿಗೆಯ ಮನೆಗಳ ಸಾಲು ಇದೆ, ಹಿಂಭಾಗವೆಲ್ಲ ನೀರಿನ ಮೇಲೆ ಕಂಬದಲ್ಲಿ ನಿಂತಿದೆ, ನೋಡಿಕೊಳ್ಳಿ, ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಒಂದು ಚಹಾ ಅಂಗಡಿಯ ಮುಂದೆ ಇಳಿಸಿ ಹೋದಳು. ಮನೆಗಳ ಮುಂಭಾಗ ಮಾತ್ರ ನಮಗೆ ಕಾಣುತ್ತಿತ್ತು. ಅಂಗಡಿಗೆ ಬಾಗಿಲು ಹಾಕಿತ್ತು. ಮಳೆ ಬಿಟ್ಟು ಎಳೆ ಬಿಸಿಲು ಬಿದ್ದಿತ್ತು, ಜಗಲಿಯ ಮೇಲೆ ಕೂತೆವು.

ಅಂಗಡಿಯಾಚೆ ಸ್ವಲ್ಪ ದೂರದಲ್ಲಿ, ಬೊಂಬಿನ ಕಾಲುಗಳ ಮೇಲೆ ಬಲೆ ಬಿಗಿದ ಚೌಕಟ್ಟುಗಳನ್ನು ಇಟ್ಟು, ಬೆಳ್ಳಗೆ ಏನನ್ನೋ ತೆಳುವಾಗಿ ಹರವಿದ್ದರು. ತಲೆವಸ್ತ್ರ ಕಟ್ಟಿದ ಒಬ್ಬ ಮುಸ್ಲಿಂ ಮುದುಕಿ ಒಬ್ಬಳೇ ಅದರಲ್ಲಿ ಕೈಯಾಡಿಸುತ್ತಿದ್ದಳು.

ಗುಡ್ಡದ ನೆತ್ತಿಯಿಂದ ಕಪ್ಪು ಮೋಡ ಇಣುಕಿತು.

ಅಪ್ಪ ಎದ್ದರು. ಈ ಸಲ ಬೆಲ್ಟು ಇರಲಿಲ್ಲ.

“ವಾನ ಒಸ್ತಾಂದಿ, ಪಟ್ಟ ಕಪ್ಪಂಡ್ರಾ!”

ಗುಲಾಬಿ ಮಳೆಯಂಗಿ ಹಾರಿಸುತ್ತ ಓಡಿದರು. ನನ್ನ ಕಾಲುಗಳೂ ಓಡಿದವು, ಹುಟ್ಟಿದಾಗಿನಿಂದ ಆ ಕೂಗಿಗೆ ಓಡಿ ಅಭ್ಯಾಸವಾದ ಕಾಲುಗಳು. ಪಲ್ಲವಿ, ಅಮ್ಮ ಹಿಂದೆ. ಮುದುಕಿ ಗಾಬರಿಯಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಅಪ್ಪ ಒಂದು ಚೌಕಟ್ಟನ್ನು ಇನ್ನೊಂದರ ಮೇಲೆ ಪೇರಿಸಿದರು. ಉದುರಿದ್ದನ್ನು ಬೊಗಸೆಯಲ್ಲಿ ಬಾಚಿ ಹಾಕಿದರು. ಕಲ್ಲಿನ ಕೆಳಗಿದ್ದ ನೀಲಿ ತಾಡಪತ್ರಿ ಎಳೆದು, “ಆ ತುದಿ ಹಿಡಿಯಲೇ, ಗಾಳಿ ಬಡೀತೈತಿ,” ಎಂದು ನನಗೆ ಕೂಗಿದರು. ಕೊನೆಯ ಮೂಲೆಗೆ ಕಲ್ಲು ಇಟ್ಟೆವು, ಮಳೆ ದಬದಬ ಬಿತ್ತು. ಒಂದು ಹನಿಯೂ ಒಳಗೆ ಹೋಗಲಿಲ್ಲ.

ಮುದುಕಿ ನಮ್ಮನ್ನು ತನ್ನ ಮನೆಯ ಸೂರಿಗೆ ಕರೆದಳು. ಅಪ್ಪನ ಮುಖದಲ್ಲಿ ಒಳ್ಳೆಯ ಸೀಸನ್ನಿನ ಕಳೆ ಇತ್ತು.

“ಏನದು, ಬೆಳ್ಳಗ? ನೋಡಲೂ ಇಲ್ಲ ನಾ.”

“ಮೀನು,” ಅಂದೆ.

ಅಪ್ಪ ತಮ್ಮ ಅಂಗೈಗಳನ್ನು ನೋಡಿಕೊಂಡರು. ಬೆರಳಿನಷ್ಟು ಉದ್ದದ ಒಂದು ಒಣಮೀನು ಅವರ ಮಣಿಕಟ್ಟಿಗೆ ಅಂಟಿ, ಅವರನ್ನೇ ನೋಡುತ್ತಿತ್ತು. ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ, ಮದರಂಗಿ ಹಚ್ಚಿದ ಮದುಮಗಳಂತೆ ನಿಂತುಬಿಟ್ಟರು. ಎದೆಯ ಮೇಲೆ ಲಿಂಗದ ಕರಡಿಗೆ.

“ಶಿವಶಿವಾ. ವಾಸನಿ ಯಾರಿಗೂ ಬರ್ಲಿಲ್ಲೇನು? ನನಗ ಮೂಗು ಕಟ್ಟೈತಿ, ನಿಮಗೇನಾಗಿತ್ತು?”

“ನನಗ ಬಂತು,” ಅಂದಳು ಅಮ್ಮ. “ಆದರ ಆಗಲೇ ಎರಡು ಕೈಯಾಗ ಹಿಡಿದಿದ್ದೆ. ಮಳಿ ಬರಾಕತ್ತಿತ್ತು. ನೆಲಕ್ಕ ಒಗೀಲೇನು, ಆಕಿ ಬದುಕನ್ನ?”

ಅಪ್ಪ ಹೊದಿಸಿದ ತಾಡಪತ್ರಿಯ ಕಡೆ ನೋಡಿದರು. “ಅದೂ ಖರೆ,” ಅಂದರು. “ಬಿಸಿಲಿಗಿ ಹಾಕಿದ್ದು ಯಾರದಾದರೇನು. ಆದರ ನಾ ಈಗ ಜಳಕ ಮಾಡಬೇಕು. ಇಲ್ಲೇ. ಹಿಂಗ ಗಾಡಿ ಹತ್ತಂಗಿಲ್ಲ.”

ಮುದುಕಿ ಒಂದು ತಂಬಿಗೆಯಷ್ಟು ನೀರು ತಂದಳು. ಅಪ್ಪ ಅಡ್ಡಡ್ಡ ತಲೆಯಾಡಿಸಿದರು. ಅಮ್ಮ ಮುಸ್ಲಿಂ ಹಿರಿಯ ಹೆಂಗಸರನ್ನು ಕರೆಯುವ ನಮ್ಮೂರಿನ ರೂಢಿಯಂತೆ, “ಖಾಲಾ, ಇಷ್ಟು ಸಾಲಂಗಿಲ್ಲ, ತೆಲಿ ಮ್ಯಾಲಿಂದ ಬೇಕು,” ಅಂದಳು. ಖಾಲಾ ನಕ್ಕು ತನ್ನ ಭಾಷೆಯಲ್ಲಿ ಏನೋ ಅಂದಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಒಪ್ಪಿಕೊಂಡರು. ನೀರು ಮಾತ್ರ ಬರಲಿಲ್ಲ.

ಅಮ್ಮ ನನ್ನ ಕಡೆ ತಿರುಗಿದಳು. “ಏನ್ ನಿಂತೀಯೋ ಕಂಬದಂಗ? ಬೇಕಾದಾಗ ಬಾಯಿ ಮುಚ್ಚಿಕೊಂಡು ನಿಲ್ತಾನ. ಹೇಳಿ ತೋರ್ಸು ಆಕಿಗಿ.”

ಆಣೆ ಮುರಿಯಿತು. ಮುರಿದವಳು ಅಮ್ಮನೇ, ಹಾಗಾಗಿ ಪಾಪ ನನ್ನದಲ್ಲ.

ಮೊದಲು ಅಪ್ಪನಾದೆ, ಕೈಚಾಚಿ ಮೈಮೇಲೆ ನೀರು ಸುರಿದುಕೊಂಡೆ. ಖಾಲಾಗೆ ಅರ್ಥವಾಯಿತು, ಆದರೆ ನಾನು ನಿಲ್ಲಿಸಲಿಲ್ಲ. ಕಳ್ಳನಾದವನು ಕಳವನ್ನೂ ಒಪ್ಪಿಕೊಂಡುಬಿಡಬೇಕು ಅನ್ನಿಸಿತು. ಸಮುದ್ರವಾಗಿ ಎದ್ದು ಬಿದ್ದೆ. ಬಾವುಟವಾಗಿ ಪಟಪಟಿಸಿದೆ. ಕಪ್ಪು ಕನ್ನಡಕ ಏರಿಸಿದೆ. ಅಮ್ಮನಾಗಿ ಚೀಲ ಎದೆಗವಚಿ, ಕೈಮುಗಿದು, ಒಂದು ಗೇಣು ದೂರದಲ್ಲಿ ಬೆರಳು ಚಾಚಿದೆ. ಆಮೇಲೆ ನಾನಾಗಿ ಸೀಟಿ ಊದಿದೆ, ಎರಡು ಗಿಡ್ಡ, ಒಂದು ಉದ್ದ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಕೊನೆಗೆ ಅಮ್ಮನ ಚೀಲದಿಂದ ಸೀರೆ ಎತ್ತಿ ತೋರಿಸಿದೆ.

ಖಾಲಾ ನಗುವುದನ್ನು ನಿಲ್ಲಿಸಿ ಸೀರೆಯನ್ನು ಮುಟ್ಟಿ ನೋಡಿದಳು. ಅಮ್ಮನ ಕೈ ಹಿಡಿದು ಮನೆಯೊಳಗೆ ನಡೆದಳು. ಕತ್ತಲೆಯ ನಡುಮನೆ, ಅಡುಗೆಮನೆ, ಹಿಂದಿನ ಬಾಗಿಲು. ಬಾಗಿಲು ತೆರೆದಳು.

ಅಲ್ಲಿ ಸಮುದ್ರವಿತ್ತು. ಅಲೆಯೇ ಇಲ್ಲದ ಸಮುದ್ರ. ಗುಡ್ಡಗಳು ಪಡುವಣ ಗಾಳಿಯನ್ನು ಆ ಕಡೆಯೇ ತಡೆದಿದ್ದವು. ಉಬ್ಬರದ ನೀರು ಏರಿ ಮನೆಯ ಮೆಟ್ಟಿಲಿಗೇ ಬಂದು ನಿಂತಿತ್ತು. ಮಳೆಯ ಹನಿಗಳು ಅದರ ಮೇಲೆ ಸಣ್ಣಗೆ ಕುಣಿಯುತ್ತಿದ್ದವು. ಬಾವುಟವಿಲ್ಲ, ಸೀಟಿಯಿಲ್ಲ. ಮೂರು ದಿನ ನಾವು ದ್ವೀಪದ ಬೆನ್ನ ಮೇಲೆ ಕೂತು ಅದರ ಮುಖಕ್ಕಾಗಿ ಕಾದಿದ್ದೆವು.

“ನಾಗಲದಿನ್ನಿ ಇದ್ದಂಗ ಐತ್ರಿ,” ಅಂದಳು ಅಮ್ಮ, ಬಹಳ ಮೆಲ್ಲಗೆ.

ಖಾಲಾಳ ಕೋಣೆಯಲ್ಲಿ ಸೀರೆ ಬದಲಿಸಿ ಬಂದಳು. ಒಂದೊಂದೇ ಮೆಟ್ಟಿಲು ಇಳಿದಳು. ನೀರು ಎದೆಗೆ ಬಂದಾಗ ಮೂಗು ಹಿಡಿದು ಮುಳುಗಿದಳು. ಎದ್ದಳು. ತುಟಿ ಸವರಿಕೊಂಡು ನಮ್ಮೆಲ್ಲರಿಗೂ ಸುದ್ದಿ ಹೇಳುವಂತೆ, “ಉಪ್ಪು ಐತಿ,” ಅಂದಳು.

ಆ ಎರಡು ಮಾತನ್ನು ನಾನು ಆಮೇಲೆ ಎಷ್ಟೋ ಸಲ ಅವಳ ಹಾಗೆ ಅಂದು ನೋಡಿದ್ದೇನೆ. ಬರುವುದಿಲ್ಲ. ಪದ ಬರುತ್ತದೆ, ದನಿ ಬರುವುದಿಲ್ಲ.

“ನೀವೂ ಬರ್ರಿ. ಮೀನ ಮುಟ್ಟಿ ನಿಂತೀರಿ,” ಎಂದು ಅಪ್ಪನನ್ನು ಕರೆದಳು.

ಅಪ್ಪ ಮೆಟ್ಟಿಲಿನ ಕಂಬವನ್ನು ಮೊಣಕೈಯಿಂದ ತಬ್ಬಿ ಇಳಿದರು. ತುಂಗಭದ್ರೆಯಲ್ಲೂ ತಂಬಿಗೆಯಲ್ಲೇ ಸ್ನಾನ ಮಾಡುವವರು ಅವರು. ಅಮ್ಮ ಕೈ ಚಾಚಿದಳು. ಹಿಡಿದುಕೊಂಡರು. ಇಬ್ಬರೂ ಒಟ್ಟಿಗೆ ಮುಳುಗಿದರು. ಎದ್ದಾಗ ಅಪ್ಪನ ಕಟ್ಟಿದ ಮೂಗು ಬಿಟ್ಟಿತ್ತು. ಮೊದಲ ಸಲ ಉಸಿರೆಳೆದು, “ಅಬ್ಬಬ್ಬಾ, ಏನ್ ಮೀನಿನ ವಾಸನಿ,” ಅಂದರು.

ಒಂದು ಮುಳುಗು ಎಂದು ಬಂದಿದ್ದ ಅಮ್ಮ ಹನ್ನೊಂದರ ಮೇಲೆ ಎಣಿಸುವುದನ್ನು ಬಿಟ್ಟಳು.

ಹೊರಡುವಾಗ ಖಾಲಾ ಒಂದು ಪೊಟ್ಟಣ ಕೊಟ್ಟಳು. ಏನಿರಬಹುದೆಂದು ಹೇಳಬೇಕಿಲ್ಲ. ಅಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ, ಪೊಟ್ಟಣವನ್ನು ನನಗೆ ಕೊಟ್ಟಳು. ಸಂಜೆ ಅದು ನೋಯ್ ಅಡುಗೆಮನೆ ಸೇರಿತು. ಪೊಟ್ಟಣಕ್ಕೆ ಬದಲಾಗಿ ಅಮ್ಮ ಖಾಲಾಗೆ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದುಕೊಟ್ಟಳು. ಖಾಲಾ ಅಲ್ಲೇ ಒಂದು ಒಣಮೀನನ್ನು ಅದರಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿ ತಲೆದೂಗಿದಳು. ಅಪ್ಪ ಸಮುದ್ರದ ಕಡೆ ನೋಡುತ್ತ ನಿಂತರು.

ನೋಯ್ ಗಾಡಿ ಬಂತು. ಹತ್ತುತ್ತಿದ್ದಾಗ ಬೆನ್ನ ಹಿಂದಿನಿಂದ ಕೂಗು ಕೇಳಿಸಿತು. “ವಾನ ಒಸಾಂದಿ, ಪಾಟಾ ಕಾಪಾನ್ಲಾ!” ತಿರುಗಿ ನೋಡಿದರೆ ಖಾಲಾ, ಹೊಟ್ಟೆ ಮುಂದೆ ಮಾಡಿ, ಗುಲಾಬಿ ಅಂಗಿ ಹಾರಿಸುತ್ತಿರುವಂತೆ ಎರಡೂ ಕೈ ಬೀಸುತ್ತ, ಮೂರು ಹೆಜ್ಜೆ ಓಡಿದಳು. ಅಪ್ಪನೇ ಅದು. ಒಂದೇ ಸಲ ಕೇಳಿ ಕಲಿತಿದ್ದಾಳೆ. ನನಗೆ ಎರಡು ವರ್ಷ ಹಿಡಿದಿತ್ತು.

ಆದೋನಿ

ಸೀರೆ ಅಲ್ಲಿ ಒಣಗಲಿಲ್ಲ. ಅಮ್ಮ ಅದನ್ನು ಹಸಿಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಳು. ಆದೋನಿಯ ನಮ್ಮ ಮಾಳಿಗೆಯ ಹಗ್ಗದ ಮೇಲೆ ಅರ್ಧ ಗಂಟೆಯಲ್ಲಿ ಒಣಗಿ ಗರಿಗರಿಯಾಯಿತು. ಮಡಿಕೆಗುಂಟ ಬಿಳಿ ಉಪ್ಪಿನ ಗೆರೆಗಳು ಎದ್ದವು. ಅಮ್ಮ ಅದನ್ನು ಒಗೆಯಲಿಲ್ಲ, ಹಗ್ಗದಿಂದ ತೆಗೆಯಲೂ ಇಲ್ಲ. ಬಂದವರನ್ನೆಲ್ಲ ಮಾಳಿಗೆಗೆ ಕರೆದೊಯ್ದು ತೋರಿಸಿದಳು. ಎದುರು ಮನೆಯ ಶರಣಮ್ಮತ್ತೆ ಬೆರಳಿನಿಂದ ಸವರಿ ನಾಲಗೆಗೆ ಹಚ್ಚಿಕೊಂಡು, “ಹೌದವ್ವ, ಸಮುದ್ರನ ಇದು,” ಎಂದು ಸಾಕ್ಷಿ ಹೇಳಿದರು.

ಊರಿಗೆ ಬಂದ ನಾಲ್ಕನೆಯ ದಿನ ಮಧ್ಯಾಹ್ನ ಮಂಡಿಯಲ್ಲಿ ನಾನು, ಅಪ್ಪ ಕೂತಿದ್ದೆವು. ಮೋಡ ಬಂತು. ಊರೇ ಕಾಯುತ್ತಿದ್ದ ಮಳೆ, ಜನ ರಸ್ತೆಗೆ ಬಂದು ಮೇಲೆ ನೋಡುತ್ತ ನಿಂತರು. ಯಾರ್ಡಿನಲ್ಲಿ ಒಂದು ಹಿಡಿ ಹತ್ತಿಯೂ ಇಲ್ಲದ ಕಾಲ. ಆದರೂ ಅಪ್ಪ ಎದ್ದರು. ಮೂಲೆಯಲ್ಲಿದ್ದ ತಾಡಪತ್ರಿ ಹೆಗಲಿಗೆ ಹಾಕಿಕೊಂಡು, ಯಾರ್ಡಿನ ಕಡೆಗಲ್ಲ, ಹಿಂದಿನ ಓಣಿಯಲ್ಲಿರುವ ಮನೆಯ ಕಡೆಗೆ ಓಡಿದರು. ನಾನು ಹಿಂದೆ ಓಡಿದೆ.

ಮಾಳಿಗೆಯ ಮೇಲೆ ಹಗ್ಗದ ಸಮೇತ ಸೀರೆಗೆ ತಾಡಪತ್ರಿ ಹೊದಿಸುತ್ತಿದ್ದರು. ಗಾಳಿಗೆ ಒಂದು ತುದಿ ಹಾರುತ್ತಿತ್ತು.

“ಅಪ್ಪಾ, ಸೀರಿ ತಗದು ಒಳಗ ಒಯ್ದರ ಆಗ್ತಿತ್ತಲ್ರಿ?”

ಅಪ್ಪ ತಾಡಪತ್ರಿಯನ್ನು ನೋಡಿದರು, ಸೀರೆಯನ್ನು ನೋಡಿದರು. “ಹೌದಲ್ಲೋ,” ಅಂದರು. “ಉಪ್ಪು ತೊಳದು ಹೋಗ್ತೈತಿ ಅಂತ ಬಂದೆ. ಬ್ಯಾರೆ ಏನೂ ತೆಲಿಗಿ ಬರ್ಲಿಲ್ಲ.”

ಮೊದಲ ಹನಿ ಬಿತ್ತು. ಮೆಟ್ಟಿಲ ಬಾಗಿಲಿನಿಂದ ಖಾಲಾಳ ದನಿ ಬಂತು. ಅದೇ ರಾಗ, ಅದೇ ಮುರಿದ ತೆಲುಗು.

“ವಾನ ಒಸಾಂದಿ, ಪಾಟಾ ಕಾಪಾನ್ಲಾ!”

ಅಮ್ಮ. ಹೊಟ್ಟೆ ಮುಂದೆ ಮಾಡಿ, ಎರಡೂ ಕೈ ಬೀಸುತ್ತ, ಮೂರು ಹೆಜ್ಜೆ ಓಡಿ ಬಂದು ಹಾರುತ್ತಿದ್ದ ತುದಿಯನ್ನು ಹಿಡಿದಳು.

ಇಷ್ಟು ದಿನ ಈ ಚಟ ನನ್ನ ಸ್ವಂತ ಸಂಪಾದನೆ ಅಂದುಕೊಂಡಿದ್ದೆ.